ನೆತ್ತರುಗೊಡಗೆಯ ಕಲ್ಲುಗಳು: ಚಿಕ್ಕಬಳ್ಳಾಪುರ ಸೀಮೆಯ ವೀರಗಲ್ಲುಗಳು

ವೀರಗಲ್ಲು ಎಂದರೆ ಕಾಳಗದಲ್ಲೋ, ಕಳ್ಳರಿಂದ ದನ ಬಿಡಿಸುವಾಗಲೋ, ಹುಲಿ ಹಂದಿಗಳೊಡನೆ ಸೆಣಸಿಯೋ ಸತ್ತವನ ಹೆಸರಿನಲ್ಲಿ ನಿಲ್ಲಿಸಿದ ಕಲ್ಲು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲೂಕುಗಳಲ್ಲಿ ಇಂಥವು ಕೆರೆ ಏರಿಯ ಕೆಳಗೆ, ಊರಬಾಗಿಲಲ್ಲಿ, ಆಂಜನೇಯನ ಗುಡಿ ಮುಂದೆ, ಅಶ್ವತ್ಥಕಟ್ಟೆಯ ಬುಡದಲ್ಲಿ, ಕೆಲವೊಮ್ಮೆ ರಾಗಿ ಹೊಲದ ನಡುವೆ ಒಂಟಿಯಾಗಿ ನಿಂತಿರುತ್ತವೆ. ಸೊಂಟದವರೆಗೆ ಮಣ್ಣಲ್ಲಿ ಹೂತುಹೋದವೂ ಇವೆ. ಈ ನಾಲ್ಕು ತಾಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಆದ್ದರಿಂದ ಇಲ್ಲಿನ ಶಾಸನ ಹುಡುಕುವವರು ಇಂದಿಗೂ ಮೊದಲು ತೆರೆಯುವುದು 1905ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವನ್ನು, ಅಂದರೆ ಕೋಲಾರ ಜಿಲ್ಲೆಯ ಸಂಪುಟವನ್ನು. ಅದರಲ್ಲಿ ರಾಜರ ದಾನಶಾಸನಗಳ ನಡುವೆ ಪುಟ ತಿರುವಿದಲ್ಲೆಲ್ಲ ವೀರಗಲ್ಲುಗಳು ಸಿಗುತ್ತವೆ. ಅವುಗಳಲ್ಲಿ ಹೆಸರು ಉಳಿಸಿಕೊಂಡವರು ಬಹುತೇಕ ರಾಜರೂ ಅಲ್ಲ, ಸಾಮಂತರೂ ಅಲ್ಲ. ಊರ ಗಾವುಂಡನ ಮಗ, ದನ ಕಾಯುವವನ ತಮ್ಮ, ಯಾರದೋ ಮನೆಯಲ್ಲಿ ಬೆಳೆದ ಆಳು, ಇಂಥವರು.

ಕಲ್ಲಿನ ರೂಪಕ್ಕೆ ನೆಲದ ಗುಣವೇ ಮೊದಲ ಕಾರಣ. ನಂದಿ ಬೆಟ್ಟದ ಸಾಲಿನಿಂದ ಚಿಂತಾಮಣಿಯ ಆಚೆಯವರೆಗೆ ಈ ಸೀಮೆಯೆಲ್ಲ ಗ್ರಾನೈಟು. ಇದು ಹಾಸುಹಾಸಾಗಿ ಏಳುವ ಕಲ್ಲು. ಹಳೆಯ ಮನೆಗಳ ಮಾಡಿಗೆ ಹಾಸಿದ ಚಪ್ಪಡಿ, ಹೊಲದ ಬೇಲಿಗೂ ದ್ರಾಕ್ಷಿ ಚಪ್ಪರಕ್ಕೂ ನೆಟ್ಟ ಕಲ್ಲುಕೂಚ ಎಲ್ಲವೂ ಇದರಿಂದಲೇ ಆದವು. ವೀರಗಲ್ಲೂ ಮೂಲತಃ ಒಂದು ಚಪ್ಪಡಿ. ಹೊಯ್ಸಳರ ನಾಡಿನ ಬಳಪದ ಕಲ್ಲಿನಲ್ಲಿ ಉಗುರು, ಒಡವೆ, ಜಡೆಯ ಎಳೆಯನ್ನೂ ಬಿಡಿಸಬಹುದು. ಗ್ರಾನೈಟು ಅದಕ್ಕೆ ಬಗ್ಗುವುದಿಲ್ಲ. ಹೀಗಾಗಿ ಇಲ್ಲಿನ ಕೆತ್ತನೆ ಮೇಲ್ಮೈಯಿಂದ ಬೆರಳಗಲ ಎದ್ದರೆ ಹೆಚ್ಚು. ಅಕ್ಷರಗಳು ದೊಡ್ಡವು, ಸಾಲುಗಳು ಡೊಂಕು. ಅದೇ ಗಡಸುತನದಿಂದಾಗಿ ಸಾವಿರ ವರ್ಷ ಮಳೆ ಬಿಸಿಲಿಗೆ ನಿಂತರೂ ಎಷ್ಟೋ ಕಲ್ಲುಗಳ ಅಕ್ಷರ ಇನ್ನೂ ಬೆರಳಿಗೆ ಸಿಗುತ್ತವೆ.

ಶಿವಮೊಗ್ಗ, ಹಾವೇರಿ ಕಡೆಯ ವೀರಗಲ್ಲುಗಳನ್ನು ನೋಡಿದವರಿಗೆ ಮೂರು ಅಂತಸ್ತಿನ ಚಿತ್ರ ಪರಿಚಿತ. ಕೆಳಗೆ ಕಾಳಗ, ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ಅಂಚಿನಲ್ಲಿ ಸೂರ್ಯಚಂದ್ರ. ಗಂಗರು ಮತ್ತು ನೊಳಂಬರ ಕಾಲದ, ಎಂದರೆ ಎಂಟರಿಂದ ಹತ್ತನೆಯ ಶತಮಾನದ ಈ ಸೀಮೆಯ ಕಲ್ಲುಗಳಲ್ಲಿ ಆ ಅಂತಸ್ತುಗಳಿಲ್ಲ. ಇಡೀ ಚಪ್ಪಡಿಗೆ ಒಂದೇ ಚಿತ್ರ. ನಡುವೆ ದೊಡ್ಡದಾಗಿ ವೀರ ನಿಂತಿರುತ್ತಾನೆ, ಒಂದು ಕಾಲು ಮುಂದೆ, ಕೈಯಲ್ಲಿ ಬಿಲ್ಲು ಅಥವಾ ಕತ್ತಿ, ಸೊಂಟದಲ್ಲಿ ಕಿರುಗತ್ತಿ, ಬಿಗಿದು ಕಟ್ಟಿದ ತುರುಬು. ಎದುರಾಳಿ ಇದ್ದರೆ ಚಿಕ್ಕವನು, ಮೂಲೆಗೆ ಒತ್ತರಿಸಲ್ಪಟ್ಟವನು. ದನಕ್ಕಾಗಿ ಸತ್ತವನಾದರೆ ಕಾಲ ಬಳಿ ನಾಲ್ಕಾರು ಹಸುಗಳ ತಲೆ. ಮೇಲಿನ ಮೂಲೆಯಲ್ಲಿ ಒಬ್ಬಿಬ್ಬರು ದೇವಕನ್ಯೆಯರು ಚಾಮರ ಹಿಡಿದು ಬಂದಿರುತ್ತಾರೆ. ಬರಹಕ್ಕೆ ಬೇರೆ ಜಾಗ ಬಿಟ್ಟಿರುವುದಿಲ್ಲ. ತಲೆಯ ಮೇಲೆ ಶುರುವಾದ ಸಾಲು ಬಿಲ್ಲಿನ ತುದಿಯನ್ನು ಬಳಸಿ, ತೋಳಿನ ಸಂದಿಯಲ್ಲಿ ತೂರಿ, ಪಕ್ಕದ ಅಂಚಿನಲ್ಲಿ ಇಳಿದು ಮುಗಿಯುತ್ತದೆ. ಚಿತ್ರ ಕಡೆದ ಮೇಲೆ ಬರೆಯುವವನು ಬಂದು ಉಳಿದ ಜಾಗದಲ್ಲಿ ತನ್ನ ಕೆಲಸ ಮುಗಿಸಿದಂತೆ ಕಾಣುತ್ತದೆ. ಓದುವವನು ಕಲ್ಲಿನ ಸುತ್ತ ಕತ್ತು ತಿರುಗಿಸುತ್ತ ಓದಬೇಕು.

ಬರಹಕ್ಕೆ ಒಂದು ಕ್ರಮವಿದೆ. ಮೊದಲು ಆಳುತ್ತಿದ್ದ ರಾಜ. ಶಕವರ್ಷ ಹಾಕಿದ ಕಲ್ಲುಗಳು ಆ ಕಾಲದಲ್ಲಿ ಕಡಿಮೆ. ರಾಜನ ಹೆಸರು ಮತ್ತು ಅಕ್ಷರದ ಬಳಸು ನೋಡಿ ಕಾಲ ಹೇಳಬೇಕು. ಇಲ್ಲೊಂದು ತೊಡಕುಂಟು. ಗಂಗರಲ್ಲಿ ‘ಸತ್ಯವಾಕ್ಯ’ ಮತ್ತು ‘ನೀತಿಮಾರ್ಗ’ ಎಂಬ ಬಿರುದುಗಳು ಒಬ್ಬರಾದ ಮೇಲೊಬ್ಬರಿಗೆ ಬರುತ್ತಿದ್ದವು, ಹೆಸರುಗಳೂ ಮರುಕಳಿಸುತ್ತಿದ್ದವು. ಬರಿಯ ‘ಸತ್ಯವಾಕ್ಯ’ ಎಂದಿದ್ದರೆ ಯಾವ ರಾಚಮಲ್ಲ ಎಂದು ಗೊತ್ತುಹಚ್ಚುವುದರಲ್ಲೇ ಸಂಶೋಧಕರ ಅರ್ಧ ಕೆಲಸ ಮುಗಿಯುತ್ತದೆ. ರಾಜನ ಬಳಿಕ ನಾಡು, ಊರು, ದಾಳಿ ಮಾಡಿದವರು, ಆಮೇಲೆ ಸತ್ತವನ ಹೆಸರು, ಅವನ ತಂದೆ ಅಥವಾ ಒಡೆಯ. ಅವನು ಮಾಡಿದ್ದು ಒಂದೇ ಸಾಲು: ತುರುವನ್ನು ಮಗುಳ್ಚಿ ಸತ್ತ, ಊರಳಿವಿನಲ್ಲಿ ಕಾದಿ ಬಿದ್ದ. ಕೊನೆಗೆ ಅವನ ಮನೆಯವರಿಗೆ ಕೊಟ್ಟ ಮಣ್ಣು, ಅದನ್ನು ಕಿತ್ತುಕೊಂಡವನಿಗೆ ಶಾಪ.

ಈ ಒಂದು ಸಾಲಿನ ಪದಗಳನ್ನು ಗಮನಿಸಬೇಕು, ಏಕೆಂದರೆ ಆ ಕಾಲದ ಹಳ್ಳಿಯ ಬದುಕು ಅಲ್ಲಿದೆ. ‘ತುಱು’ ಎಂದರೆ ದನ. ‘ತುಱುಗೊಳ್’ ಎಂದರೆ ದನ ಹೊಡೆದುಕೊಂಡು ಹೋಗುವ ದಾಳಿ. ‘ಊರಳಿವು’ ಊರನ್ನೇ ಸೂರೆ ಮಾಡುವುದು. ‘ಪೆಣ್ಬುಯ್ಯಲ್’ ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಕೂಗು, ಆ ಕೂಗು ಕೇಳಿ ಓಡಿಬಂದು ಸತ್ತವರಿಗೂ ಕಲ್ಲುಗಳುಂಟು. ಸಾವನ್ನು ಹೇಳಲು ಕೆಲವು ಕಲ್ಲುಗಳು ಸ್ವರ್ಗ, ಇಂದ್ರಲೋಕ ಎನ್ನುತ್ತವೆ. ಹೆಚ್ಚಿನವು ‘ಸತ್ತ’, ‘ಬಿದ್ದ’ ಎಂದು ನೇರವಾಗಿ ಹೇಳಿ ಮುಂದೆ ಹೋಗುತ್ತವೆ. ಗುಡಿಯ ಶಾಸನಗಳಲ್ಲಿ ರಾಜನನ್ನು ಹೊಗಳಲು ಸುರಿಯುವ ಸಂಸ್ಕೃತ ಸಮಾಸಗಳ ಪಕ್ಕದಲ್ಲಿ ಇದು ಬೇರೆಯೇ ಕನ್ನಡ. ಆಡುಮಾತಿಗೆ ತೀರ ಹತ್ತಿರದ್ದು, ಕಾಗುಣಿತದ ತಪ್ಪುಗಳೂ ಅದರಲ್ಲೇ ಸೇರಿವೆ. ಭಾಷೆಯ ಚರಿತ್ರೆ ಬರೆಯುವವರಿಗೆ ಈ ತಪ್ಪುಗಳು ಬಂಗಾರ. ಱಕಾರ, ೞಕಾರ ಯಾವ ಕಾಲದಲ್ಲಿ ಬಾಯಿಂದ ಜಾರಿದವು ಎಂದು ತಿಳಿಯುವುದು ತಿದ್ದಿ ಬರೆದ ಕಾವ್ಯಕ್ಕಿಂತ ತಪ್ಪಿ ಬರೆದ ಇಂಥ ಕಲ್ಲಿನಲ್ಲಿ.

ಇಷ್ಟೊಂದು ಸಾವು ಇಲ್ಲೇಕೆ ಎಂಬುದಕ್ಕೆ ಭೂಪಟವೇ ಉತ್ತರ. ಗಂಗರು ತಮ್ಮನ್ನು ಕುವಳಾಲಪುರದ ಒಡೆಯರು, ನಂದಗಿರಿಯ ನಾಥರು ಎಂದು ಕರೆದುಕೊಂಡರು. ಕುವಳಾಲ ಕೋಲಾರ, ನಂದಗಿರಿ ಇಂದಿನ ನಂದಿ ಬೆಟ್ಟ. ಆದರೆ ಅದೇ ಬೆಟ್ಟದ ಬುಡದ ಭೋಗನಂದೀಶ್ವರನ ಗುಡಿಯನ್ನು ಒಂಬತ್ತನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದವಳು ಬಾಣರ ರಾಣಿ ರತ್ನಾವಳಿ. ಗೌರಿಬಿದನೂರಿನಿಂದ ವಾಯವ್ಯಕ್ಕೆ, ಈಗಿನ ಆಂಧ್ರದ ಮಡಕಶಿರಾ ಸೀಮೆಯಲ್ಲಿ ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಹೇಮಾವತಿ. ಚಿಂತಾಮಣಿಯ ಪೂರ್ವಕ್ಕೆ, ಮದನಪಲ್ಲಿಯ ದಿಕ್ಕಿನಲ್ಲಿ ವೈದುಂಬರು. ನಾಲ್ಕು ಮನೆತನಗಳ ಅಂಚುಗಳು ಈ ಬೆಟ್ಟ ಕುರುಚಲು ಕಾಡುಗಳಲ್ಲಿ ಒಂದರ ಮೇಲೊಂದು ಹಾಯ್ದುಹೋಗುತ್ತಿದ್ದವು. ಇಂದು ಒಬ್ಬರ ಕಡೆಗಿದ್ದ ಸಾಮಂತ ನಾಳೆ ಇನ್ನೊಬ್ಬರ ಕಡೆ. ಸೋರೆಮಡಿ ಎಂಬಲ್ಲಿ ನಡೆದ ಕಾಳಗವೊಂದನ್ನು ಈಗಿನ ಕರ್ನಾಟಕ ಆಂಧ್ರ ಗಡಿಯ ಎರಡೂ ಕಡೆಯ ಕಲ್ಲುಗಳು ನೆನೆಯುತ್ತವೆ. ಕನ್ನಡದ ಕಲ್ಲು, ತೆಲುಗಿನ ಕಲ್ಲು ಎಂದು ಬೇರೆ ಮಾಡಿದರೆ ಒಂದೇ ಕಾಳಗದಲ್ಲಿ ಸತ್ತವರನ್ನು ಎರಡು ರಾಜ್ಯಗಳ ಕಡತಗಳಲ್ಲಿ ಹುಡುಕಬೇಕಾಗುತ್ತದೆ.

ಆದರೂ ರಾಜರ ಜಗಳಕ್ಕಿಂತ ದನದ ಜಗಳವೇ ಇಲ್ಲಿ ಹೆಚ್ಚು. ಮಳೆಯನ್ನೇ ನಂಬಿದ ಬೆದ್ದಲು ಸೀಮೆಯಲ್ಲಿ ಆಸ್ತಿ ಎಂದರೆ ಕೆರೆ ಕೆಳಗಿನ ತುಂಡು ಗದ್ದೆ ಮತ್ತು ಗುಡ್ಡಕ್ಕೆ ಮೇಯಲು ಬಿಟ್ಟ ಹಿಂಡು. ಗದ್ದೆಯನ್ನು ಎತ್ತಿಕೊಂಡು ಹೋಗಲಾಗದು, ಹಿಂಡನ್ನು ಒಂದು ರಾತ್ರಿಯಲ್ಲಿ ಗಡಿ ದಾಟಿಸಬಹುದು. ದೊಡ್ಡ ಯುದ್ಧಕ್ಕೂ ನಾಂದಿ ಇದೇ. ಶತ್ರುವಿನ ಊರಿನ ದನ ಹೊಡೆದರೆ ಅವನು ಹೊರಗೆ ಬಂದೇ ಬರುತ್ತಾನೆ, ಮಹಾಭಾರತದ ವಿರಾಟನಗರಿಯಲ್ಲಿ ಕೌರವರು ಮಾಡಿದ್ದೂ ಇದನ್ನೇ.

ಇನ್ನು ಮಣ್ಣಿನ ವಿಷಯ. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ಹಳೆಯ ಹೆಸರು ‘ಕಲ್ನಾಡು’, ಕಲ್ಲಿನ ಜೊತೆಗೆ ಬಂದ ನಾಡು. ‘ಬಾಳ್ಗೞ್ಚು’ ಎಂಬುದು ಇನ್ನೊಂದು ಮಾತು. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಕತ್ತಿಯ ನೆತ್ತರು ತೊಳೆದು ಕೊಟ್ಟ ದತ್ತಿ ಅದು, ಬದುಕಿ ಬಂದ ವೀರನಿಗೂ ಸಿಗುತ್ತಿತ್ತು. ಈ ಪದ ಎಷ್ಟು ಹಳೆಯದೆಂದರೆ ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಇದೆ. ಅಲ್ಲಿ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ಕೊಟ್ಟದ್ದು ಬಾಳ್ಗೞ್ಚಾಗಿಯೇ. ಮುಂದಿನ ಶತಮಾನಗಳಲ್ಲಿ ‘ನೆತ್ತರುಗೊಡಗೆ’, ‘ರಕ್ತಗೊಡಗೆ’ ಎಂಬ ಮಾತುಗಳು ಚಾಲ್ತಿಗೆ ಬಂದವು. ಕೊಟ್ಟ ಭೂಮಿಯ ಅಳತೆ ಎಕರೆ ಗುಂಟೆಯಲ್ಲಿಲ್ಲ, ಬಿತ್ತುವ ಬೀಜದ ಕೊಳಗ ಖಂಡುಗದಲ್ಲಿದೆ. ಕೆರೆ ತೂಬಿನಿಂದ ಎಷ್ಟು ದೂರ, ಯಾವ ಕಾಲುವೆಯ ಪಕ್ಕ ಎಂದು ಗುರುತು ಹೇಳುವುದೂ ಉಂಟು.

ಹಾಗೆ ನೋಡಿದರೆ ವೀರಗಲ್ಲು ನೆನಪಿನ ಕಲ್ಲಾಗಿರುವಷ್ಟೇ ಜಮೀನಿನ ಹಕ್ಕುಪತ್ರವೂ ಹೌದು. ಓದು ಬರಹ ಬಾರದ ಮನೆಗೆ ಓಲೆಗರಿಯ ಪತ್ರ ಕೊಟ್ಟರೆ ಗೆದ್ದಲು ತಿನ್ನುತ್ತದೆ, ಇಲ್ಲವೇ ಪಕ್ಕದ ಮನೆಯವನು ಮಾಯ ಮಾಡುತ್ತಾನೆ. ಊರೆಲ್ಲ ನೋಡುವ ಜಾಗದಲ್ಲಿ ಆಳೆತ್ತರದ ಚಪ್ಪಡಿ ನೆಟ್ಟು, ಸತ್ತವನ ಚಿತ್ರವನ್ನೂ ಕೆತ್ತಿಸಿದರೆ ಓದಲು ಬಾರದವನಿಗೂ ಅದು ಯಾರ ಮಣ್ಣೆಂದು ಗೊತ್ತು. ಕೊನೆಯ ಶಾಪ ಇರುವುದೂ ಇದಕ್ಕೆ. ಈ ದತ್ತಿಯನ್ನು ಅಳಿದವನಿಗೆ ಕಾಶಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ಕೊಂದ ಪಾಪ, ಪಂಚಮಹಾಪಾತಕ. ಇದನ್ನು ಬರೆಸಿದವರ ಕಣ್ಣು ಇದ್ದದ್ದು ಮುಂದೊಂದು ದಿನ ಬರಬಹುದಾದ ಊರ ಗೌಡನ ಮೇಲೆ, ಅಧಿಕಾರಿಯ ಮೇಲೆ, ದಾಯಾದಿಯ ಮೇಲೆ.

ಪುರಾತನ ಗ್ರೀಕರ ಸಮಾಧಿ ಬರಹಗಳೊಡನೆ ಹೋಲಿಸಿದಾಗ ಈ ಗುಣ ಎದ್ದು ಕಾಣುತ್ತದೆ. ಅಥೆನ್ಸ್ ಊರ ಬಾಗಿಲ ಹೊರಗೆ, ಕೆರಾಮೈಕೋಸ್ ಎಂಬ ಕುಂಬಾರಗೇರಿಯ ಹಾದಿಯ ಎರಡೂ ಬದಿ ಸಮಾಧಿಗಳಿದ್ದವು. ಹಾದಿಹೋಕನನ್ನು ಮಾತಾಡಿಸಿ, ಒಂದು ಗಳಿಗೆ ನಿಂತು ಹೋಗು ಎಂದು ಬೇಡುವ ಬರಹಗಳು ಅಲ್ಲಿ ಸಾಮಾನ್ಯ. ಕ್ರಿ.ಪೂ. ಐದನೆಯ ಶತಮಾನದ ಕೊನೆಯ ಹೆಗೆಸೋ ಎಂಬ ಹೆಂಗಸಿನ ಕಲ್ಲಿನಲ್ಲಿ ಅವಳು ಪೀಠದಲ್ಲಿ ಕುಳಿತು ಪೆಟ್ಟಿಗೆಯಿಂದ ಒಡವೆ ಎತ್ತಿ ನೋಡುತ್ತಿದ್ದಾಳೆ, ಬರಹ ಅವಳ ಹೆಸರು ಮತ್ತು ತಂದೆಯ ಹೆಸರು, ಅಷ್ಟೆ. ಅದೀಗ ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ. ನಮ್ಮ ವೀರಗಲ್ಲಿಗೆ ತೀರ ಹತ್ತಿರದ್ದು ಡೆಕ್ಸಿಲೆಯೋಸ್ ಎಂಬ ಇಪ್ಪತ್ತು ವರ್ಷದ ರಾವುತನ ಕಲ್ಲು. ಕ್ರಿ.ಪೂ. 394ರ ಕೊರಿಂಥ್ ಕಾಳಗದಲ್ಲಿ ಸತ್ತವನು. ಕುದುರೆಯ ಮೇಲಿಂದ ಅವನು ನೆಲಕ್ಕುರುಳಿದ ವೈರಿಯನ್ನು ಇರಿಯುತ್ತಿದ್ದಾನೆ. ಸತ್ತವನೇ ಗೆಲ್ಲುತ್ತಿರುವಂತೆ ಕೆತ್ತುವುದು ಅಲ್ಲೂ ಇಲ್ಲೂ ಒಂದೇ ರೀತಿ. ಅವನು ಹುಟ್ಟಿದ, ಸತ್ತ ಎರಡೂ ವರ್ಷ ಅದರಲ್ಲಿವೆ. ಅಥೆನ್ಸಿನ ಸಮಾಧಿ ಕಲ್ಲುಗಳಲ್ಲಿ ಅದು ಅಪರೂಪ. ಆದರೆ ಭೂಮಿಯ ಮಾತು ಅಲ್ಲಿಲ್ಲ, ಶಾಪವೂ ಇಲ್ಲ. ಅದು ಸಿರಿವಂತ ಮನೆತನವೊಂದು ಅಮೃತಶಿಲೆಯಲ್ಲಿ ತಾನೇ ಮಾಡಿಸಿಕೊಂಡದ್ದು. ಇಂಥ ಆಡಂಬರ ಮಿತಿಮೀರಿತೆಂದು ಕ್ರಿ.ಪೂ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಫಲೇರೋನಿನ ಡಿಮೆಟ್ರಿಯಸ್ ಕಟ್ಟಳೆ ತಂದ ಮೇಲೆ ಅಥೆನ್ಸಿನಲ್ಲಿ ಚಿತ್ರದ ಸಮಾಧಿಗಲ್ಲುಗಳು ನಿಂತೇಹೋದವು. ವೀರಗಲ್ಲನ್ನು ತಡೆಯುವ ಕಟ್ಟಳೆಯನ್ನು ಕನ್ನಡನಾಡಿನ ಯಾವ ರಾಜನೂ ತಂದಂತಿಲ್ಲ. ಊರಿನ ಕಾವಲಿಗೆ ಸಂಬಳದ ಸೈನ್ಯ ಇಡುವುದಕ್ಕಿಂತ ಸತ್ತವನ ಮನೆಗೆ ಎರಡು ಖಂಡುಗ ಬಿಟ್ಟುಕೊಡುವುದು ಅವರಿಗೆ ಅಗ್ಗ.

ಈ ಪದ್ಧತಿಯ ಎರಡು ಹೆಸರಾಂತ ಕಲ್ಲುಗಳು ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯದಲ್ಲಿವೆ. 1865ರಲ್ಲಿ ಶುರುವಾದ ಈ ಸಂಗ್ರಹಾಲಯ ದೇಶದ ಹಳೆಯ ಸಂಗ್ರಹಾಲಯಗಳಲ್ಲಿ ಒಂದು. ಮೊದಲನೆಯದು ಬೇಗೂರಿನಿಂದ ಬಂದದ್ದು, ಸುಮಾರು 900ರ ಆಸುಪಾಸಿನದು. ಗಂಗರ ಎರೆಯಪ್ಪ ತನ್ನ ಸಾಮಂತ ನಾಗತ್ತರನನ್ನು ಅಯ್ಯಪದೇವನ ನೆರವಿಗೆ ಕಳಿಸುತ್ತಾನೆ. ಎದುರು ನಿಂತವನು ವೀರಮಹೇಂದ್ರ, ಜಾಗ ತುಂಬೆಪಾಡಿ. ನಾಗತ್ತರ ಅಲ್ಲಿ ಬೀಳುತ್ತಾನೆ. ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಡುತ್ತಾನೆ. ಬೆಂಪೂರು ಈಗಿನ ಬೇಗೂರು. ಕಲ್ಲು ಹಳ್ಳಿಗಳ ಹೆಸರುಗಳನ್ನೂ ಒಂದೊಂದಾಗಿ ಎಣಿಸುತ್ತದೆ. ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ತುಂಬಿದ ಅದರ ಯುದ್ಧದ ಚಿತ್ರಕ್ಕೆ ಗಂಗರ ಕಾಲದ ಬೇರೆ ಕಲ್ಲುಗಳಲ್ಲಿ ಸಾಟಿ ಇಲ್ಲ ಎಂದರೂ ನಡೆಯುತ್ತದೆ. ಆದರೆ ನೋಡುವವರೆಲ್ಲ ಚಿತ್ರ ನೋಡುತ್ತಾರೆ. ಬರೆಸಿದವರಿಗೆ ಮುಖ್ಯವಾಗಿದ್ದದ್ದು ಹನ್ನೆರಡು ಹಳ್ಳಿಗಳ ಪಟ್ಟಿ. ಅದೇ ಕಾಲದ ಇನ್ನೊಂದು ಕಲ್ಲು, ‘ಬೆಂಗಳೂರು’ ಎಂಬ ಹೆಸರಿನ ಹಳೆಯ ದಾಖಲೆಯೆಂದು ಪ್ರಸಿದ್ಧವಾದದ್ದು, ಬೇಗೂರಿನ ಗುಡಿಯ ಆವರಣದಲ್ಲೇ ಉಳಿದಿದೆ. ಅದೂ ಬೆಂಗಳೂರು ಕಾಳಗದಲ್ಲಿ ಸತ್ತ ನಾಗತ್ತರನ ಕಡೆಯವನೊಬ್ಬನ ನೆನಪಿನದು.

ಎರಡನೆಯದು ಮಂಡ್ಯ ಜಿಲ್ಲೆಯ ಆತಕೂರಿನದು, 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದಾಗ ಗಂಗ ಬೂತುಗ ಅವನ ಬಲಗೈಯಾಗಿದ್ದ. ಬೂತುಗನ ಆಳು ಮಣಲೇರ. ಯುದ್ಧದಲ್ಲಿ ಮೆರೆದ ಅವನಿಗೆ ಏನು ಬೇಕೆಂದು ಕೇಳಿದಾಗ ಒಡೆಯನ ‘ಕಾಳಿ’ ಎಂಬ ನಾಯಿಯನ್ನು ಬೇಡಿದನಂತೆ. ಆ ನಾಯಿಯನ್ನು ಕೆಳಲೆನಾಡಿನ ಬೆಳತೂರಿನ ಬಳಿಯ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದುಕೊಂಡವು. ಆತಕೂರಿನ ಚಲ್ಲೇಶ್ವರನ ಮುಂದೆ ನಾಯಿಗೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿವೆ. ಆ ಭೂಮಿ ಉಣ್ಣುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂಬ ಕಟ್ಟು ಬೇರೆ. ಮಣಲೇರನಿಗೆ ಆತಕೂರು ಸಿಕ್ಕಿದ್ದು ಬಾಳ್ಗೞ್ಚಾಗಿ. ನಾಯಿಗೂ ಮನುಷ್ಯನಿಗೂ ಲೆಕ್ಕ ಒಂದೇ: ಸತ್ತರೆ ಕಲ್ಲು, ಕಲ್ಲಿನೊಡನೆ ಮಣ್ಣು. ತಮಿಳುನಾಡಿನ ಚೆಂಗಂ ಸೀಮೆಯ ಎಡತ್ತನೂರಿನಲ್ಲಿ ಏಳನೆಯ ಶತಮಾನದ ನಡುಗಲ್ಲೊಂದಿದೆ. ಅದರಲ್ಲಿ ಸತ್ತ ವೀರನ ಪಕ್ಕದಲ್ಲೇ ಕೋವಿವನ್ ಎಂಬ ಅವನ ನಾಯಿ ನಿಂತಿದೆ. ದನ ಕಾಯುವ ನಾಡುಗಳಿಗೆ ನಾಯಿಯ ಬೆಲೆ ಗೊತ್ತಿತ್ತು.

ಕಾಳಗವಿಲ್ಲದೆ ಸತ್ತವರ ಕಲ್ಲುಗಳೂ ಉಂಟು. ಒಡೆಯ ಸತ್ತಾಗ ತಾನೂ ಸಾಯುತ್ತೇನೆಂದು ಭಾಷೆ ಕೊಟ್ಟ ಆಳು ‘ಕೀೞ್ಗುಂಟೆ’ ಆಗುತ್ತಿದ್ದ, ಎಂದರೆ ಒಡೆಯನ ಕೆಳಗೆ ಗುಂಡಿಗೆ ಸೇರುತ್ತಿದ್ದ. ನರಸೀಪುರ ಸೀಮೆಯ ದೊಡ್ಡಹುಂಡಿಯ ಕಲ್ಲಿನಲ್ಲಿ ಮಂಚದ ಮೇಲೆ ಒರಗಿದ ಗಂಗ ನೀತಿಮಾರ್ಗ, ಪಕ್ಕದಲ್ಲಿ ಅವನ ಮನೆಯಾಳು ಅಗರಯ್ಯ, ಮಗ ಸತ್ಯವಾಕ್ಯ ಇದ್ದಾರೆ. ಅಗರಯ್ಯ ಕೀೞ್ಗುಂಟೆಯಾದವನು. ಜೈನರ ನಿಸಿಧಿಗಲ್ಲುಗಳಲ್ಲಿ ಉಪವಾಸವಿದ್ದು ದೇಹ ಬಿಟ್ಟವರ ಹೆಸರಿರುತ್ತದೆ. ಅವುಗಳ ದೊಡ್ಡ ಮನೆ ಶ್ರವಣಬೆಳಗೊಳ. ಷ. ಶೆಟ್ಟರ್ ಆ ಸಾವಿನ ಬಗೆಗಳ ಮೇಲೆ ಎರಡು ದೊಡ್ಡ ಗ್ರಂಥಗಳನ್ನೇ ಬರೆದಿದ್ದಾರೆ.

ಗಂಡ ಸತ್ತ ಮೇಲೆ ಬೆಂಕಿಗೆ ಬಿದ್ದ ಹೆಂಗಸರದು ಮಾಸ್ತಿಕಲ್ಲು, ಮಹಾಸತಿ ಎಂಬುದರ ಸವಕಲು ರೂಪ. ಈ ಸೀಮೆಗೆ ಹತ್ತಿರದ ಮಾಲೂರು ತಾಲೂಕಿನ ಮಾಸ್ತಿ ಎಂಬ ಊರಿಗೆ ಹೆಸರು ಬಂದದ್ದೇ ಇದರಿಂದ, ಅಲ್ಲಿಂದ ಕನ್ನಡದ ಕತೆಗಾರ ವೆಂಕಟೇಶ ಅಯ್ಯಂಗಾರರ ಹೆಸರಿಗೂ ಅದು ಸೇರಿಕೊಂಡಿತು. ಕಲ್ಲಿನ ಗುರುತು ಒಂದು ಕಂಬದಿಂದ ಚಾಚಿದ ತೋಳು, ಮೊಣಕೈಯಲ್ಲಿ ಮಡಿಚಿ ಮೇಲೆತ್ತಿದ ಹಸ್ತ, ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಬಳೆ ಇರುವುದು ಅವಳು ವಿಧವೆಯಾಗಲಿಲ್ಲ ಎನ್ನುವುದಕ್ಕೆ. ಮಾಸ್ತಿಕಲ್ಲುಗಳಲ್ಲಿ ಬರಹ ಕಡಿಮೆ, ಬರಹವಿದ್ದರೂ ಹೆಚ್ಚಿನ ಕಡೆ ಹೆಂಗಸಿನ ಹೆಸರು ಗಂಡನ ಹೆಸರಿನ ಬಾಲವಾಗಿ ಬರುತ್ತದೆ. ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನ 1057ರ ಶಾಸನ ಇದಕ್ಕೆ ಹೊರತು. ದೇಕಬ್ಬೆ ಎಂಬ ಹೆಣ್ಣು ತಂದೆತಾಯಿ ತಡೆದರೂ ಕೇಳದೆ ಬೆಂಕಿಗೆ ನಡೆದದ್ದನ್ನು ಅದು ಪದ್ಯಗಳಲ್ಲಿ ಹೇಳುತ್ತದೆ. ಸಾಹಿತ್ಯವಾಗಿ ಅದನ್ನು ಮೆಚ್ಚಿದವರು ಬಹಳ. ತಡೆಯಲು ಬಂದ ತಾಯಿತಂದೆಯ ಮಾತನ್ನೂ ಕವಿ ದಾಖಲಿಸಿದ್ದಾನೆ ಎಂಬುದನ್ನು ಅಷ್ಟೇ ಗಮನದಿಂದ ಓದಬೇಕು.

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗಂಗವಾಡಿಯನ್ನು ಗೆದ್ದಾಗ ಕೋಲಾರ ಸೀಮೆ ನಿಗರಿಲಿಚೋಳಮಂಡಲವಾಯಿತು. ಶಾಸನಗಳ ಭಾಷೆ ಲಿಪಿ ಎರಡೂ ಎಷ್ಟೋ ಕಡೆ ತಮಿಳಿಗೆ ತಿರುಗಿದವು. ಹೊಯ್ಸಳರು ಬಂದ ಮೇಲೂ, ಹದಿಮೂರನೆಯ ಶತಮಾನದಲ್ಲಿ ರಾಮನಾಥನ ಕಾಲದವರೆಗೆ ಈ ಪೂರ್ವದ ತಾಲೂಕುಗಳಲ್ಲಿ ತಮಿಳಿನ ಬರಹ ಮುಂದುವರಿಯಿತು. ಹೀಗೆ ಒಂದೇ ಹೋಬಳಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರರ ಶಾಸನಗಳೂ ಸಿಗುತ್ತವೆ. ವಿಜಯನಗರದ ಕಾಲಕ್ಕೆ ನೆತ್ತರುಗೊಡಗೆ ಪದ್ಧತಿ ಉಳಿದಿತ್ತು, ಆದರೆ ಹಳೆಯ ಬಗೆಯ ಕಲ್ಲು ವಿರಳವಾಯಿತು. ಆವತಿಯ ಗೌಡರು ಚಿಕ್ಕಬಳ್ಳಾಪುರದಲ್ಲಿ ಕೋಟೆ ಕಟ್ಟಿಕೊಂಡ ಪಾಳೆಯಗಾರರ ಕಾಲದಲ್ಲಿ ಕಾಣುವುದು ಹೆಚ್ಚಾಗಿ ಚಿಕ್ಕ ಕಲ್ಲುಗಳು, ಕತ್ತಿ ಹಿಡಿದ ಗಂಡಸು, ಪಕ್ಕದಲ್ಲಿ ಕೈ ಎತ್ತಿದ ಹೆಂಗಸು, ಬರಹವಿಲ್ಲ. ಹಕ್ಕಿಗೆ ಕಾಗದದ ಸನ್ನದು ಬಂದ ಮೇಲೆ ಕಲ್ಲಿನ ಮೇಲೆ ಖಂಡುಗದ ಲೆಕ್ಕ ಬರೆಸುವ ಅಗತ್ಯ ಇರಲಿಲ್ಲ. ‘ಕೊಡಗಿ’ ಎಂಬ ಮಾತು ಮಾತ್ರ ಕಂದಾಯದ ಕಡತದಲ್ಲಿ ಇನಾಂ ಭೂಮಿಯ ಒಂದು ಬಗೆಯ ಹೆಸರಾಗಿ ಇಪ್ಪತ್ತನೆಯ ಶತಮಾನದವರೆಗೂ ಬದುಕಿತ್ತು. ಮೈಸೂರಿನ 1954ರ ಇನಾಂ ರದ್ದಿಯಾತಿ ಕಾಯಿದೆ ಇಂಥ ಹಳೆಯ ಋಣಗಳ ಲೆಕ್ಕವನ್ನೆಲ್ಲ ಮುಗಿಸಿತು.

ಭೂಮಿಯ ನಂಟು ಕಳಚಿದ ಮೇಲೆ ಕಲ್ಲುಗಳು ಎರಡು ದಾರಿ ಹಿಡಿದವು. ಕೆಲವು ದೇವರಾದವು. ವೀರನ ಹೆಸರು ಮರೆತು ವೀರಣ್ಣನೋ ವೀರಭದ್ರನೋ ಆಗಿ, ಎಣ್ಣೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕುಳಿತವು. ಮಾಸ್ತಿ ಮಾಸ್ತಮ್ಮನಾದಳು. ಎಣ್ಣೆಯ ಮೇಲೆ ಎಣ್ಣೆ ಕೂತು ಅಕ್ಷರ ಮುಚ್ಚಿಹೋಗುತ್ತದೆ ನಿಜ, ಆದರೆ ಪೂಜೆ ನಡೆಯುವ ಕಲ್ಲನ್ನು ಯಾರೂ ಒಡೆಯುವುದಿಲ್ಲ. ಉಳಿದವು ಮತ್ತೆ ಬರಿಯ ಚಪ್ಪಡಿಗಳಾದವು. ಕಾಲುವೆಯ ಮೇಲಿನ ಮೋರಿ, ಕೆರೆಯ ತೂಬು, ಬಟ್ಟೆ ಒಗೆಯುವ ಬಂಡೆ, ಮನೆ ಮುಂದಿನ ಜಗುಲಿ. ಮುಖ ಕೆಳಗಾಗಿ ಹಾಸಿದ ಕಲ್ಲು ಒಂದು ರೀತಿಯಲ್ಲಿ ಅದೃಷ್ಟವಂತ. ಮಳೆಯೂ ಕಾಲೂ ತಾಗದ ಅದರ ಅಕ್ಷರ ಹೊಸದರಂತೆ ಉಳಿದಿರುತ್ತದೆ. ಅತ್ಯಂತ ಕೆಟ್ಟ ಪಾಡು ನಿಧಿ ಹುಡುಕುವವರ ಕೈಗೆ ಸಿಕ್ಕಿದ್ದು. ಬರಹವಿದ್ದ ಕಲ್ಲಿನ ಕೆಳಗೆ ಹೊನ್ನಿದೆ ಎಂಬ ನಂಬಿಕೆಗೆ ಬಲಿಯಾದವುಗಳಿಗೆ ಲೆಕ್ಕವಿಲ್ಲ. ಶಾಪವನ್ನು ಓದಲು ಬಂದಿದ್ದರೆ ಅಗೆಯುತ್ತಿರಲಿಲ್ಲವೇನೋ.

ರೈಸ್ ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು. ಮೈಸೂರಿನ ಪುರಾತತ್ವ ಇಲಾಖೆಯನ್ನು 1885ರಿಂದ 1906ರವರೆಗೆ ನಡೆಸಿ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಹನ್ನೆರಡು ಸಂಪುಟಗಳಲ್ಲಿ ತಂದರು. ಪ್ರತಿ ತಾಲೂಕಿಗೂ ಒಂದರಿಂದ ಎಣಿಕೆ, ಪ್ರತಿ ಶಾಸನದ ನೆತ್ತಿಯಲ್ಲಿ ಅದು ಸಿಕ್ಕ ಜಾಗ: ಇಂಥ ಊರಿನ ಪೂರ್ವಕ್ಕೆ, ಇಂಥ ಗುಡಿಯ ಮುಂದೆ, ಇಂಥವರ ಹೊಲದಲ್ಲಿ. ಕಲ್ಲು ಕಳೆದುಹೋದ ಕಡೆ ಈ ಒಂದು ಸಾಲಿಗೆ ಶಾಸನದಷ್ಟೇ ಬೆಲೆ. ಅವರ ಬಳಿಕ ಆರ್. ನರಸಿಂಹಾಚಾರ್ಯರು, ಎಂ. ಎಚ್. ಕೃಷ್ಣರು ಹುಡುಕಾಟ ಮುಂದುವರಿಸಿದರು. ವೀರಗಲ್ಲನ್ನು ರಾಜರ ಕಾಲ ತಿಳಿಯುವ ಸಾಧನವೆಂದಷ್ಟೇ ನೋಡದೆ ಸಮಾಜದ ಕನ್ನಡಿಯಾಗಿ ಓದಲು ಕಲಿಸಿದವರು ಎಂ. ಚಿದಾನಂದಮೂರ್ತಿ, ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರದು. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ಕಲ್ಲುಗಳಿಗೇ ಮೀಸಲಾದ ಗ್ರಂಥ.

ಕಲ್ಲಿನ ಅಚ್ಚು ತೆಗೆಯುವ ಕ್ರಮ ನೂರು ವರ್ಷದಲ್ಲಿ ಹೆಚ್ಚು ಬದಲಾಗಿಲ್ಲ. ಮೊದಲು ಪಾಚಿ, ಸುಣ್ಣ, ಎಣ್ಣೆಯ ಜಿಡ್ಡನ್ನು ಉಜ್ಜಿ ತೊಳೆಯಬೇಕು. ಒದ್ದೆ ಕಲ್ಲಿನ ಮೇಲೆ ನೆನೆಸಿದ ಕಾಗದ ಹಾಸಿ, ಗಟ್ಟಿ ಬ್ರಷ್ಷಿನಿಂದ ಒಂದೇ ಸಮ ಬಡಿದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ತುಸು ಆರಿದ ಮೇಲೆ ಮಸಿ ಅದ್ದಿದ ಗುಬುಟಿನಿಂದ ಮೆಲ್ಲಗೆ ತಟ್ಟುತ್ತ ಬಂದರೆ ಮೇಲ್ಮೈ ಕಪ್ಪಾಗಿ ಅಕ್ಷರ ಬಿಳಿಯಾಗಿ ಏಳುತ್ತದೆ. ಗಾಳಿ ಬೀಸಿದರೆ ಕಾಗದ ಹಾರುತ್ತದೆ, ಬಿಸಿಲೇರಿದರೆ ಒಣಗಿ ಸಿಡಿಯುತ್ತದೆ. ಆದ್ದರಿಂದ ಕೆಲಸ ಮುಂಜಾನೆಯೇ ಆಗಬೇಕು. ಈಚೆಗೆ ಇದಕ್ಕೆ ಮೂರು ಆಯಾಮದ ಸ್ಕ್ಯಾನಿಂಗ್ ಜೊತೆಯಾಗಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಿನ ಶಾಸನಗಳನ್ನು ಹೀಗೆ ಉಳಿಸುವ ಕೆಲಸ ಕೈಗೆತ್ತಿಕೊಂಡಿದೆ. 2018ರಲ್ಲಿ ಬೆಳಕಿಗೆ ಬಂದ ಹೆಬ್ಬಾಳದ ಕಿತ್ತಯ್ಯನ ಕಲ್ಲು, ಗಂಗ ಶ್ರೀಪುರುಷನ ಕಾಲದ್ದು, ಸುಮಾರು 750ರದು. ಅದಕ್ಕೆ ಊರವರು ಅಲ್ಲೇ ಮಂಟಪ ಕಟ್ಟಿಸಿದ್ದಾರೆ.

ಕಲ್ಲನ್ನು ಸಂಗ್ರಹಾಲಯಕ್ಕೆ ತರಬೇಕೋ ಇದ್ದಲ್ಲೇ ಬಿಡಬೇಕೋ ಎಂಬ ಪ್ರಶ್ನೆಗೆ ಅಥೆನ್ಸಿನಲ್ಲಿ ಕಂಡುಕೊಂಡ ಉತ್ತರ ಡೆಕ್ಸಿಲೆಯೋಸನ ಕಲ್ಲಿನಲ್ಲಿದೆ. ಮೂಲ ಕೆರಾಮೈಕೋಸಿನ ಸಂಗ್ರಹಾಲಯದ ಒಳಗೆ, ಅದರ ಪಡಿಯಚ್ಚು ಹೊರಗೆ ಸಮಾಧಿಯ ಜಾಗದಲ್ಲಿ. ಹಲ್ಮಿಡಿಯಲ್ಲೂ ಹೀಗೇ ಮಾಡಿದ್ದಾರೆ. ಮೂಲ ಮೈಸೂರಿನಲ್ಲಿ, ಪ್ರತಿಕೃತಿ ಹಳ್ಳಿಯಲ್ಲಿ. ನಮ್ಮ ಈ ತಾಲೂಕುಗಳ ಹೆಚ್ಚಿನ ವೀರಗಲ್ಲುಗಳು ಇನ್ನೂ ಹೊಲ ಬದುಗಳಲ್ಲಿವೆ. ದೊಡ್ಡ ಸಂಗ್ರಹಾಲಯಕ್ಕೆ ಅವು ಒಂದರಂತೊಂದು ಕಾಣುವ ಮೋಟು ಚಪ್ಪಡಿಗಳು. ಜಾಗ ಬಿಟ್ಟು ತಂದರೆ ಯಾವ ಕೆರೆಯ ಕೆಳಗಿನ ಎಷ್ಟು ಖಂಡುಗ ಎಂಬ ಮಾತಿಗೆ ಅರ್ಥವೂ ಉಳಿಯುವುದಿಲ್ಲ. ಹೀಗಾಗಿ ಹೊಸದಾಗಿ ದಾಖಲಿಸುವವರು ಪಾಠದ ಜೊತೆಗೆ ಊರು, ಸರ್ವೆ ನಂಬರು, ಅಕ್ಷಾಂಶ ರೇಖಾಂಶ, ಕಲ್ಲು ಮುಖಮಾಡಿ ನಿಂತ ದಿಕ್ಕು, ಹತ್ತಿರದ ಕೆರೆಯ ಹೆಸರು ಇಷ್ಟನ್ನೂ ಬರೆದುಕೊಳ್ಳುತ್ತಾರೆ.